ಬಯಲು ಸೀಮೆಯ ನೆತ್ತಿಗೆ: ಸೌತ್ ಡಕೋಟಾದ ಬ್ಲ್ಯಾಕ್ ಎಲ್ಕ್ ಪೀಕ್ ಹತ್ತುವವರಿಗೆ

ಅಮೆರಿಕದ ಸೌತ್ ಡಕೋಟಾ ರಾಜ್ಯ ಅಂದರೆ ಬಯಲು. ಪೂರ್ವದ ಸೂ ಫಾಲ್ಸ್‌ನಿಂದ ಪಶ್ಚಿಮದ ರ‍್ಯಾಪಿಡ್ ಸಿಟಿಗೆ ಐ-90 ಹೆದ್ದಾರಿಯಲ್ಲಿ ಸುಮಾರು 350 ಮೈಲಿ. ಮೊದಲು ಮೆಕ್ಕೆಜೋಳ, ಸೋಯಾ ಹೊಲಗಳು. ಮಿಸೌರಿ ನದಿ ದಾಟಿದ ಮೇಲೆ ಹುಲ್ಲುಗಾವಲೇ ಜಾಸ್ತಿ. ನೋಡಿ ನೋಡಿ ಕಣ್ಣು ಸೋಲುವ ಹೊತ್ತಿಗೆ ಪಶ್ಚಿಮದ ಅಂಚಿನಲ್ಲಿ ಕಪ್ಪನೆಯ ಸಾಲೊಂದು ಏಳುತ್ತದೆ. ಅದೇ ಬ್ಲ್ಯಾಕ್ ಹಿಲ್ಸ್. ಈ ರಾಜ್ಯದ ಎತ್ತರದ ಬೆಟ್ಟಗಳೆಲ್ಲ ಈ ಒಂದೇ ಗುಂಪಿನಲ್ಲಿವೆ.

ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಬ್ಲ್ಯಾಕ್ ಎಲ್ಕ್ ಪೀಕ್. ಸಾಮಾನ್ಯವಾಗಿ ಕೊಡುವ ಲೆಕ್ಕ 7,242 ಅಡಿ, ಅಂದರೆ 2,207 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚುಕಡಿಮೆ 280 ಮೀಟರ್ ಜಾಸ್ತಿ. ಮಿನಿಯಾಪೊಲಿಸ್, ಶಿಕಾಗೊ, ಡೆನ್ವರ್ ಕಡೆಯ ನಮ್ಮವರು ಮೌಂಟ್ ರಶ್‌ಮೋರ್ ನೋಡಲು ಇಷ್ಟು ದೂರ ಕಾರು ಓಡಿಸಿಕೊಂಡು ಬರುತ್ತಾರೆ. ಅಲ್ಲಿ ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಮೆರಿಕ ಅಧ್ಯಕ್ಷರ ಕಲ್ಲಿನ ಮುಖಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಈ ಬೆಟ್ಟ ಇದೆ. ಅದನ್ನು ಬಿಟ್ಟು ಹೋಗುವುದು ನನಗೆ ನಿಜಕ್ಕೂ ಬೇಸರದ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಟ್ಟ ಕಾಲಿಗೆ ಸುಲಭ. ಹತ್ತು ವರ್ಷದ ಮಕ್ಕಳೂ ಆರಾಮವಾಗಿ ಹತ್ತುತ್ತಾರೆ. ಇಲ್ಲಿ ತಯಾರಿ ಬೇಕಾಗಿರುವುದು ಎರಡು ವಿಷಯಕ್ಕೆ. ಒಂದು, ಆಕಾಶ. ಬಯಲಿನ ನಡುವೆ ನಿಂತ ಬೆಟ್ಟದ ಮೇಲೆ ಹವಾಮಾನ ನೋಡನೋಡುತ್ತಿದ್ದಂತೆ ಬದಲಾಗುತ್ತದೆ. ಇನ್ನೊಂದು, ಇದು ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ಪುಣ್ಯಕ್ಷೇತ್ರ. ಕ್ಷೇತ್ರಕ್ಕೆ ಹೋಗುವಾಗ ಹೇಗೆ ಹೋಗಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಮೊದಲು, ಯಾವ ಬೆಟ್ಟ?

ಇಲ್ಲಿ 7,000 ಅಡಿ ದಾಟಿದ ನೆತ್ತಿಗಳು ಹಲವು. ಸುಮಾರು 7,200 ಅಡಿಯ ಓಡಕೋಟಾ ಮೌಂಟನ್, 7,166 ಅಡಿಯ ಬೇರ್ ಮೌಂಟನ್, 7,137 ಅಡಿಯ ಕ್ರೂಕ್ಸ್ ಟವರ್, 7,064 ಅಡಿಯ ಟೆರ್ರಿ ಪೀಕ್. ಅಂಕಿ ನೋಡಿದರೆ ಎಲ್ಲವೂ ಒಂದೇ ಥರ. ಹೋಗಿ ನೋಡಿದರೆ ಅಜಗಜಾಂತರ.

ಕಾರಣ ಕಲ್ಲಿನಲ್ಲಿದೆ. ಬ್ಲ್ಯಾಕ್ ಹಿಲ್ಸ್‌ನ ನಡುವೆ ಇರುವುದು ಸುಮಾರು 170 ಕೋಟಿ ವರ್ಷ ಹಳೆಯ ಗ್ರಾನೈಟ್. ಆರೇಳು ಕೋಟಿ ವರ್ಷಗಳ ಹಿಂದೆ ಈ ಭಾಗದ ನೆಲವೆಲ್ಲ ಗುಮ್ಮಟದಂತೆ ಉಬ್ಬಿತು. ಮೇಲಿನ ಪದರಗಳು ಮಳೆ ಗಾಳಿಗೆ ಸವೆದುಹೋಗಿ ನಡುವಿನ ಗ್ರಾನೈಟ್ ಹೊರಗೆ ಬಂತು. ಅಂಚಿನಲ್ಲಿ ಸುಣ್ಣಕಲ್ಲಿನ ಪದರ ಹಾಗೇ ಉಳಿಯಿತು. ಗ್ರಾನೈಟ್ ಬಿರುಕುಬಿಟ್ಟು ಗೋಪುರ, ಸೂಜಿ, ಬಂಡೆಗಳಾಗಿ ನಿಂತಿದೆ. ಸುಣ್ಣಕಲ್ಲಿನದು ಚಪ್ಪಟೆ. ಹಾಗಾಗಿ ಕ್ರೂಕ್ಸ್ ಟವರ್ ಮೇಲೆ ನಿಂತರೆ ಬೆಟ್ಟದ ಮೇಲಿದ್ದೇವೆ ಅನ್ನಿಸುವುದೇ ಇಲ್ಲ. ಎತ್ತರದ ಪಟ್ಟಿ ಪೂರ್ತಿ ಮಾಡುವ ಹವ್ಯಾಸ ಇರುವವರಿಗೆ ಅದು ಇರಲಿ. ಒಂದೇ ದಿನ ಇರುವವರು ಬ್ಲ್ಯಾಕ್ ಎಲ್ಕ್ ಪೀಕನ್ನೇ ಆರಿಸಿಕೊಳ್ಳಿ. ಅಪ್ಪ ಅಮ್ಮನಿಗೆ ಮೊಣಕಾಲು ನೋವಿದ್ದರೆ ಟೆರ್ರಿ ಪೀಕ್. ಅದರ ವಿಷಯ ಮುಂದೆ ಹೇಳುತ್ತೇನೆ.

ಯಾವ ತಿಂಗಳು?

ನನ್ನ ಆಯ್ಕೆ ಸೆಪ್ಟೆಂಬರ್. ಮಧ್ಯಾಹ್ನದ ಗುಡುಗುಮಳೆ ಕಡಿಮೆಯಾಗಿರುತ್ತದೆ, ಜನ ಕಡಿಮೆ, ಆಸ್ಪೆನ್ ಮರಗಳು ಹಳದಿಯಾಗಲು ಶುರು. ಜೂನ್ ಕೂಡ ಚೆನ್ನ. ಎಲ್ಲೆಲ್ಲೂ ಹಸಿರು, ಕಾಡುಹೂವು. ಆದರೆ ರಕ್ತ ಹೀರುವ ಉಣ್ಣೆ ಹುಳದ ಕಾಟ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬರುವುದಾದರೆ ಬೆಳಿಗ್ಗೆ ಬೇಗ ಹತ್ತಲೇಬೇಕು. ಆಗಸ್ಟ್ ಮೊದಲರ್ಧದಲ್ಲಿ ಹತ್ತಿರದ ಸ್ಟರ್ಜಿಸ್ ಊರಿನಲ್ಲಿ ಮೋಟಾರ್‌ಸೈಕಲ್ ಜಾತ್ರೆ ನಡೆಯುತ್ತದೆ. ಲಕ್ಷಗಟ್ಟಲೆ ಬೈಕ್ ಸವಾರರು ಬರುತ್ತಾರೆ. ಆಗ ರೂಮು ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಕೈ ಸುಡುತ್ತದೆ. ಬುಕ್ ಮಾಡುವ ಮೊದಲು ಆ ವರ್ಷದ ತಾರೀಖು ನೋಡಿಕೊಳ್ಳಿ.

ಹವಾಮಾನದ ವಿಷಯದಲ್ಲಿ ನಾನು ಹೆದರಿಸುತ್ತಿದ್ದೇನೆ ಅನ್ನಿಸಬಹುದು. ಈ ನೆಲದ ದಾಖಲೆಗಳನ್ನೇ ಕೇಳಿ. 1943ರ ಜನವರಿ 22ರ ಬೆಳಿಗ್ಗೆ, ಬ್ಲ್ಯಾಕ್ ಹಿಲ್ಸ್‌ನ ಬುಡದಲ್ಲಿರುವ ಸ್ಪಿಯರ್‌ಫಿಶ್ ಊರಿನಲ್ಲಿ ಎರಡೇ ನಿಮಿಷದಲ್ಲಿ ತಾಪಮಾನ ಮೈನಸ್ 4 ಡಿಗ್ರಿಯಿಂದ 45 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತು. 2010ರ ಜುಲೈನಲ್ಲಿ ಇದೇ ರಾಜ್ಯದ ವಿವಿಯನ್ ಎಂಬಲ್ಲಿ 8 ಇಂಚು ಅಗಲದ ಆಲಿಕಲ್ಲು ಬಿತ್ತು. ಅಮೆರಿಕದಲ್ಲಿ ಅಳೆದು ದಾಖಲಿಸಿದ ಆಲಿಕಲ್ಲುಗಳಲ್ಲಿ ಅದೇ ದೊಡ್ಡದು. 2013ರ ಅಕ್ಟೋಬರ್ ಮೊದಲ ವಾರದಲ್ಲಿ, ದನಗಳಿಗೆ ಚಳಿಗಾಲದ ದಪ್ಪ ಕೂದಲು ಬೆಳೆಯುವ ಮೊದಲೇ ಹಿಮಬಿರುಗಾಳಿ ಬೀಸಿ ರಾಜ್ಯದ ಪಶ್ಚಿಮ ಭಾಗದಲ್ಲಿ ಸಾವಿರಾರು ದನಗಳು ಸತ್ತವು. ಹಾಗಾಗಿ ಫೋನಿನಲ್ಲಿ ಬಿಸಿಲಿನ ಚಿತ್ರ ಕಂಡಿತು ಅಂತ ಬರೀ ಟೀ ಶರ್ಟ್‌ನಲ್ಲಿ ಹೊರಡಬೇಡಿ. ರ‍್ಯಾಪಿಡ್ ಸಿಟಿಯ ಹವಾಮಾನ ಬೇರೆ, 4,000 ಅಡಿ ಮೇಲಿನದು ಬೇರೆ.

ದಾರಿ

ಪೂರ್ವದಿಂದ ಬರುವವರು ಹಗಲಿನಲ್ಲೇ ಕಾರು ಓಡಿಸಿ. ರಾತ್ರಿ ಓಡಿಸಿ ದಾರಿ ಸವೆಸುವ ಆಸೆ ಆಗುತ್ತದೆ, ಬೇಡ. ಆ ಬಯಲನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ನೆತ್ತಿಯ ಮೇಲೆ ನಿಂತಾಗ ಏನನ್ನು ನೋಡುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಚೇಂಬರ್ಲೇನ್‌ನಲ್ಲಿ ಮಿಸೌರಿ ನದಿ ದಾಟುವಾಗ ಒಂದು ವಿರಾಮ ತಗೊಳ್ಳಿ. ರಾಜ್ಯದ ನಡುವೆ ಟೈಮ್ ಜೋನ್ ಬದಲಾಗುತ್ತದೆ, ಪಶ್ಚಿಮಕ್ಕೆ ಹೋಗುವಾಗ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆ ಗಂಟೆಯನ್ನು ನಿದ್ದೆಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಬರುವವರಿಗೆ ರ‍್ಯಾಪಿಡ್ ಸಿಟಿಯಲ್ಲೇ ವಿಮಾನ ನಿಲ್ದಾಣ ಇದೆ.

ಉಳಿದುಕೊಳ್ಳಲು ಕಸ್ಟರ್ ಅಥವಾ ಹಿಲ್ ಸಿಟಿ ಅನುಕೂಲ. ಎರಡೂ ಚಿಕ್ಕ ಊರುಗಳು. ಸಸ್ಯಾಹಾರಿಗಳಿಗೆ ಹೋಟೆಲಿನಲ್ಲಿ ಸಿಗುವುದು ಕಡಿಮೆ. ದಿನಸಿ, ಹಣ್ಣು, ಮೊಸರು ಎಲ್ಲ ರ‍್ಯಾಪಿಡ್ ಸಿಟಿಯಲ್ಲೇ ಕೊಂಡುಕೊಳ್ಳಿ. ಮನೆಯಿಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಂದಿದ್ದರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಕೂಡ ಕೆಳಗಿನ ಊರಿನಲ್ಲೇ ತುಂಬಿಸಿ. ಬೆಟ್ಟದೊಳಗೆ ಫೋನ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹತ್ತುವ ದಾರಿಗಳು ಹಲವಾರು. ಮೊದಲ ಸಲ ಬರುವವರು ಸಿಲ್ವನ್ ಲೇಕ್ ಕಡೆಯಿಂದ ಹತ್ತಿ. ಈ ಕೆರೆ ಕಸ್ಟರ್ ಸ್ಟೇಟ್ ಪಾರ್ಕ್ ಒಳಗಿದೆ. 1880ರ ದಶಕದ ಶುರುವಿನಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದು. ಕೆರೆಯೇ ಸುಮಾರು 6,100 ಅಡಿ ಎತ್ತರದಲ್ಲಿದೆ. ಪಾರ್ಕಿಗೆ ವಾಹನದ ಲೆಕ್ಕದಲ್ಲಿ ಪ್ರವೇಶ ಶುಲ್ಕ ಇದೆ. ಒಮ್ಮೆ ಕೊಟ್ಟರೆ ಕೆಲವು ದಿನ ನಡೆಯುತ್ತದೆ. ರಸೀದಿಯನ್ನು ಕಾರಿನ ಮುಂದಿನ ಗಾಜಿಗೆ ಕಾಣುವಂತೆ ಇಡಿ.

ಒಂದು ಎಚ್ಚರಿಕೆ. ನೀಡಲ್ಸ್ ಹೈವೇ ಕಡೆಯಿಂದ ಬಂದರೆ ನೀಡಲ್ಸ್ ಐ ಎಂಬ ಸುರಂಗ ಸಿಗುತ್ತದೆ. ಅದರ ಅಗಲ ಬರೀ 8 ಅಡಿ. ದೊಡ್ಡ ವ್ಯಾನ್ ಬಾಡಿಗೆಗೆ ತಗೊಂಡಿದ್ದರೆ ಅತ್ತ ಹೋಗಬೇಡಿ. ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ. ಕಸ್ಟರ್ ಊರಿನಿಂದ 89ನೇ ನಂಬರ್ ರಸ್ತೆ ಹಿಡಿದು ಬಂದರೆ ಈ ಸುರಂಗ ಸಿಗುವುದಿಲ್ಲ.

ಹಿಂದಿನ ಸಂಜೆ

ಚೀಲ ರಾತ್ರಿಯೇ ಕಟ್ಟಿಡಿ. ತಲೆಗೆ ಎರಡು ಲೀಟರ್ ನೀರು. ದಾರಿಯಲ್ಲಿ ತೊರೆ ಸಿಗುತ್ತದೆ, ಅದರ ನೀರು ಹಾಗೇ ಕುಡಿಯಬೇಡಿ. ಒಂದು ಮಳೆ ಜಾಕೆಟ್, ಒಂದು ಬೆಚ್ಚನೆಯ ಅಂಗಿ, ಟೋಪಿ. ತಿನ್ನಲು ಒಣದ್ರಾಕ್ಷಿ, ಕಡಲೆಬೀಜ, ಎರಡು ಚಪಾತಿ ಸುತ್ತಿಟ್ಟುಕೊಂಡರೆ ಸಾಕು. ಬೂಟು ಹಿಡಿತ ಇರುವುದಾಗಿರಲಿ. ಮೇಲಿನ ಬಂಡೆಗಳ ಮೇಲೆ ಪುಡಿಮಣ್ಣು ಹರಡಿಕೊಂಡಿರುತ್ತದೆ, ಸವೆದ ಅಡಿಯ ಶೂ ಜಾರುತ್ತದೆ. ಬಯಲಿನಿಂದ ಒಂದೇ ದಿನದಲ್ಲಿ ಮೇಲೆ ಬಂದವರಿಗೆ ಸ್ವಲ್ಪ ತಲೆನೋವು ಬರಬಹುದು. ರಾತ್ರಿ ಚೆನ್ನಾಗಿ ನೀರು ಕುಡಿದು ಬೇಗ ಮಲಗಿ.

ಹತ್ತುವುದು

ಬೇಸಿಗೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಕೆರೆ ಹತ್ತಿರ ಇರಿ. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅದಕ್ಕಿಂತ ಮುಖ್ಯ, ಹನ್ನೆರಡರೊಳಗೆ ನೀವು ನೆತ್ತಿಯಿಂದ ಇಳಿದು ಮರಗಳ ನಡುವೆ ಇರಬೇಕು. ಉಳಿದೆಲ್ಲ ಲೆಕ್ಕವನ್ನು ಈ ಹನ್ನೆರಡು ಗಂಟೆಯಿಂದ ಹಿಂದಕ್ಕೆ ಹಾಕಿ.

9ನೇ ನಂಬರ್ ಕಾಲುದಾರಿ ಹಿಡಿಯಿರಿ. ಹೋಗಿಬರಲು ಸುಮಾರು 7 ಮೈಲಿ. ಕೆರೆಗೂ ನೆತ್ತಿಗೂ ಎತ್ತರದ ವ್ಯತ್ಯಾಸ 1,100 ಅಡಿ. ಆದರೆ ದಾರಿ ನೇರವಾಗಿ ಏರುವುದಿಲ್ಲ. ಮೊದಲ ಒಂದು ಮೈಲಿ ನಿಧಾನವಾಗಿ ಏರಿ ಒಂದು ಬಯಲು ಜಾಗಕ್ಕೆ ಬರುತ್ತೀರಿ. ಎದುರಿಗೆ ಕಣಿವೆ, ಅದರಾಚೆ ಬಂಡೆಗಳ ರಾಶಿ, ರಾಶಿಯ ತುದಿಯಲ್ಲಿ ಚಿಕ್ಕದಾಗಿ ಕಲ್ಲಿನ ಗೋಪುರ. ಅಲ್ಲಿಂದ ದಾರಿ ಕೆಳಗಿಳಿದು ಮತ್ತೆ ಏರುತ್ತದೆ. ಅಂದರೆ ವಾಪಸ್ ಬರುವಾಗಲೂ ಒಂದು ಏರು ಕಾದಿರುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ, ಕಾಲಲ್ಲಿ ಸ್ವಲ್ಪ ಶಕ್ತಿ ಉಳಿಸಿಕೊಳ್ಳಲಿ.

ನೆಲ ನೋಡಿಕೊಂಡು ನಡೆಯಿರಿ. ಬಿದ್ದುಬಿಡುತ್ತೀರಿ ಅಂತಲ್ಲ, ಕಾಲಡಿಯ ಮಣ್ಣು ಮಿನುಗುತ್ತದೆ. ಗ್ರಾನೈಟ್ ಪುಡಿಯಾಗಿ ಅದರೊಳಗಿನ ಅಭ್ರಕ ದಾರಿಯುದ್ದಕ್ಕೂ ಚೆಲ್ಲಿಕೊಂಡಿದೆ. ಕೆಲವು ಕಡೆ ಉಗುರಿನಷ್ಟು ಅಗಲದ ಹಾಳೆಗಳೇ ಸಿಗುತ್ತವೆ. ಬೆರಳಲ್ಲಿ ಹಿಡಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತವೆ, ಸೂರ್ಯನಿಗೆ ಹಿಡಿದರೆ ಬೆಳಕು ದಾಟುತ್ತದೆ. ಮಕ್ಕಳು ಜೇಬಿಗೆ ತುಂಬಿಕೊಳ್ಳಲು ನೋಡುತ್ತಾರೆ. ನೋಡಿ ಅಲ್ಲೇ ಇಡಲು ಹೇಳಿ.

ಸ್ಟೇಟ್ ಪಾರ್ಕ್ ಮುಗಿದು ಬ್ಲ್ಯಾಕ್ ಎಲ್ಕ್ ವೈಲ್ಡರ್‌ನೆಸ್ ಎಂಬ ಸಂರಕ್ಷಿತ ಕಾಡು ಶುರುವಾಗುವ ಕಡೆ ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿರುವ ಚೀಟಿ ತುಂಬಿಸಿ ಒಂದು ಭಾಗ ಪೆಟ್ಟಿಗೆಗೆ ಹಾಕಿ, ಇನ್ನೊಂದು ಜೊತೆಗೆ ಇಟ್ಟುಕೊಳ್ಳಿ. ದುಡ್ಡಿಲ್ಲ, ಆದರೆ ಕಡ್ಡಾಯ. ಗುಂಪಿನಲ್ಲಿ 25 ಜನರಿಗಿಂತ ಜಾಸ್ತಿ ಇರುವಂತಿಲ್ಲ. ಕನ್ನಡ ಕೂಟದಿಂದ ಬಸ್ ಮಾಡಿಕೊಂಡು ಬರುವವರು ಇದನ್ನು ನೆನಪಿಡಿ. ಡ್ರೋನ್ ಹಾರಿಸುವಂತಿಲ್ಲ.

ಬಂಡೆಗಳ ಮೇಲೆ ಬಿಳಿ ಮೇಕೆ ಕಂಡರೆ ನಿಂತು ನೋಡಿ. ಇವು ಇಲ್ಲಿನ ಮೂಲ ಪ್ರಾಣಿಗಳಲ್ಲ. ಕೆನಡಾದ ಆಲ್ಬರ್ಟಾದಿಂದ ಉಡುಗೊರೆಯಾಗಿ ತಂದು ಪಾರ್ಕಿನಲ್ಲಿ ಕೂಡಿಹಾಕಿದ್ದ ಕೆಲವು ಮೇಕೆಗಳು 1924ರಲ್ಲಿ ತಪ್ಪಿಸಿಕೊಂಡು ಬೆಟ್ಟ ಸೇರಿದವು. ಈಗಿರುವುದು ಅವುಗಳ ಸಂತಾನ.

ಕೊನೆಯ ಅರ್ಧ ಮೈಲಿ ಕಡಿದು. ಕಲ್ಲಿನ ಮೆಟ್ಟಿಲು, ಆಮೇಲೆ ಬಂಡೆಗಳ ಸಂದಿನಲ್ಲಿ ಕಬ್ಬಿಣದ ಮೆಟ್ಟಿಲು. ಆತುರ ಬೇಡ. ಇಳಿಯುವವರಿಗೆ ಜಾಗ ಬಿಡಿ.

ನೆತ್ತಿಯಲ್ಲಿ

ತುದಿಯಲ್ಲಿರುವ ಗೋಪುರ ಕಾಡ್ಗಿಚ್ಚು ಕಾಯುವವರಿಗಾಗಿ ಕಟ್ಟಿದ್ದು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಯುವಕರಿಗಾಗಿ ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಒಂದು ಪಡೆ ಮಾಡಿತ್ತು. ಆ ಹುಡುಗರು ಸಾಮಾನು ಮೇಲಕ್ಕೆ ಸಾಗಿಸಿ ಇದನ್ನು ಕಟ್ಟಿದರು. 1967ರವರೆಗೆ ಇಲ್ಲಿಂದ ಬೆಂಕಿ ಕಾಯುತ್ತಿದ್ದರು. ಕಲ್ಲು ಹೊಂದಿಸಿರುವ ರೀತಿ ಹತ್ತಿರದಿಂದ ನೋಡಿ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಹತ್ತಿರದಲ್ಲೇ ವ್ಯಾಲೆಂಟೈನ್ ಮೆಕ್‌ಗಿಲಿಕಡಿ ಎಂಬ ವೈದ್ಯನ ಚಿತಾಭಸ್ಮ ಇಟ್ಟ ಜಾಗಕ್ಕೆ ಒಂದು ಫಲಕ ಇದೆ. 1875ರಲ್ಲಿ ಈ ಬೆಟ್ಟಗಳ ಸರ್ವೆಗೆ ಬಂದವನು ಆತ. ಲಕೋಟಾ ನಾಯಕ ಕ್ರೇಜಿ ಹಾರ್ಸ್‌ನ ಕೊನೆಯ ಗಳಿಗೆಯಲ್ಲಿ ಆರೈಕೆ ಮಾಡಿದವನೂ ಆತನೇ.

ಮೇಲಿಂದ ಸೌತ್ ಡಕೋಟಾದ ಜೊತೆಗೆ ನೆಬ್ರಾಸ್ಕಾ, ವಯೋಮಿಂಗ್, ಮೊಂಟಾನಾ ಕೂಡ ಕಾಣುತ್ತವೆ ಅಂತ ಹೇಳುತ್ತಾರೆ. ಗಡಿ ಯಾವುದು ಅಂತ ಯಾರಿಗೆ ಗೊತ್ತಾಗಬೇಕು! ಕಾಣುವುದು ಇಷ್ಟು: ಕಾಲ ಬುಡದಲ್ಲಿ ಗ್ರಾನೈಟ್ ಕೊಂಬುಗಳು, ಅವುಗಳ ಸುತ್ತ ಪೈನ್ ಕಾಡು, ಕಾಡಿನಾಚೆ ತಟ್ಟನೆ ಶುರುವಾಗಿ ಮುಗಿಯದೇ ಹೋಗುವ ಬಯಲು. ಕಾಡಿನ ನಡುವೆ ಅಲ್ಲಲ್ಲಿ ಒಣಗಿ ನಿಂತ ಮರಗಳು ಪೈನ್ ದುಂಬಿಯ ಹಾವಳಿಗೆ ಸತ್ತವು.

ಗೋಪುರದ ಹತ್ತಿರ ಮರಗಳಿಗೆ, ಕಂಬಿಗಳಿಗೆ ಕಟ್ಟಿದ ಬಟ್ಟೆಯ ತುಂಡುಗಳು ಕಾಣುತ್ತವೆ. ಕೆಂಪು, ಹಳದಿ, ಬಿಳಿ, ಕಪ್ಪು. ಕೆಲವು ಬಣ್ಣ ಮಾಸಿ ಎಳೆ ಎಳೆಯಾಗಿರುತ್ತವೆ, ಕೆಲವು ನಿನ್ನೆ ಕಟ್ಟಿದಂತಿರುತ್ತವೆ. ನಮ್ಮ ಊರ ದೇವಸ್ಥಾನದ ಮರಕ್ಕೆ ಕಟ್ಟುವ ಹರಕೆ ಬಟ್ಟೆಯಂತೆಯೇ ಇವು ಪ್ರಾರ್ಥನೆಯ ಬಟ್ಟೆಗಳು. ಚಿಕ್ಕ ಗಂಟುಗಳಲ್ಲಿ ತಂಬಾಕು ಇರುತ್ತದೆ. ಮುಟ್ಟಬೇಡಿ, ಬಿಚ್ಚಬೇಡಿ, ಅವುಗಳನ್ನು ಹಿನ್ನೆಲೆ ಮಾಡಿಕೊಂಡು ಸೆಲ್ಫಿ ತೆಗೆಯಬೇಡಿ. ಯಾರಾದರೂ ಪ್ರಾರ್ಥನೆ ಮಾಡುತ್ತಿದ್ದರೆ ದೂರ ಹೋಗಿ ಕೂತುಕೊಳ್ಳಿ. ನಿಮ್ಮದೊಂದು ಬಟ್ಟೆ ಕಟ್ಟುವುದೂ ಬೇಡ.

ಬೆಟ್ಟಕ್ಕೆ ಈ ಹೆಸರು ಬಂದಿದ್ದು 2016ರಲ್ಲಿ. ಅದಕ್ಕೂ ಮೊದಲು ಹಾರ್ನಿ ಪೀಕ್ ಅನ್ನುತ್ತಿದ್ದರು. 1855ರಲ್ಲಿ ನೆಬ್ರಾಸ್ಕಾದಲ್ಲಿ ಜನರಲ್ ಹಾರ್ನಿಯ ಸೈನಿಕರು ಲಕೋಟಾ ಬಿಡಾರದ ಮೇಲೆ ಬಿದ್ದು ಹೆಂಗಸರು ಮಕ್ಕಳನ್ನೂ ಕೊಂದರು. ಅಂಥವನ ಹೆಸರು ತಮ್ಮ ಪವಿತ್ರ ಬೆಟ್ಟಕ್ಕೆ ಇರುವುದನ್ನು ಅವರು ಹೇಗೆ ಸಹಿಸಬೇಕು? ಬ್ಲ್ಯಾಕ್ ಎಲ್ಕ್ ಲಕೋಟಾ ಜನರ ಗುರು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಆತನಿಗಾದ ದರ್ಶನದಲ್ಲಿ ತನ್ನನ್ನು ಲೋಕದ ನಡುವಿನ ಬೆಟ್ಟಕ್ಕೆ ಕರೆದುಕೊಂಡು ಹೋದರು ಅಂತ ಹೇಳಿಕೊಂಡಿದ್ದ. ಆ ಬೆಟ್ಟ ಇದೇ. ಮುದುಕನಾದ ಮೇಲೆ ಮತ್ತೆ ಇಲ್ಲಿಗೆ ಹತ್ತಿ ಬಂದು ತನ್ನ ಜನರಿಗಾಗಿ ಪ್ರಾರ್ಥನೆ ಮಾಡಿದ್ದ.

ಇದರ ಹಿಂದೆ ನೆಲದ ಕಥೆಯೂ ಇದೆ. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಲಕೋಟಾ ಜನರದ್ದು ಅಂತ ಸರ್ಕಾರವೇ ಬರೆದುಕೊಟ್ಟಿತ್ತು. 1874ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೇನೆ ಇಲ್ಲಿಗೆ ಬಂದಾಗ ಚಿನ್ನ ಸಿಕ್ಕಿತು. ಜನ ನುಗ್ಗಿದರು, ಒಪ್ಪಂದ ಮುರಿಯಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ನೆಲಕ್ಕೆ ಪರಿಹಾರ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ. ಲಕೋಟಾ ಜನ ಅದನ್ನು ಮುಟ್ಟಿಲ್ಲ. ದುಡ್ಡು ಬೇಡ, ನೆಲ ಬೇಕು ಅನ್ನುತ್ತಾರೆ. ಮಕ್ಕಳು ಜೊತೆಗಿದ್ದರೆ ಇದನ್ನು ಮೇಲೆ ಕೂತು ಹೇಳಿ.

ಗುಡುಗು ಕೇಳಿದರೆ

ಪಶ್ಚಿಮದಲ್ಲಿ ಮೋಡ ಹೂಕೋಸಿನಂತೆ ಮೇಲೇಳುತ್ತಿದ್ದರೆ ಕಾಯಬೇಡಿ, ಇಳಿಯಿರಿ. ಗೋಪುರದೊಳಗೆ ನಿಂತರೆ ಆಯ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಸುತ್ತಲಿನ ಎಲ್ಲಕ್ಕಿಂತ ಎತ್ತರದ ಜಾಗ, ಪಕ್ಕದಲ್ಲೇ ಕಬ್ಬಿಣದ ಮೆಟ್ಟಿಲು, ಕಂಬಿ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತ ಲೆಕ್ಕ. ಬಂಡೆಗಳಿಂದ ಇಳಿದು ತಗ್ಗಿನ ಕಾಡಿನೊಳಗೆ ಹೋಗಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಎಲ್ಲರೂ ಒಂದೇ ಕಡೆ ಗುಂಪು ಕೂಡಬೇಡಿ. ಕಾರಿನೊಳಗೆ ಸೇರಿದ ಮೇಲೆಯೇ ನಿಶ್ಚಿಂತೆ.

ಆಕಾಶ ತಿಳಿಯಾಗಿದ್ದು ಕಾಲಲ್ಲಿ ಶಕ್ತಿ ಇದ್ದರೆ ಬಂದ ದಾರಿಯಲ್ಲೇ ಇಳಿಯಬೇಡಿ, 4ನೇ ನಂಬರ್ ದಾರಿ ಹಿಡಿಯಿರಿ. ಕ್ಯಾಥೀಡ್ರಲ್ ಸ್ಪೈರ್ಸ್ ಎಂಬ ಗ್ರಾನೈಟ್ ಗೋಪುರಗಳ ಸಾಲು ಹತ್ತಿರದಿಂದ ಕಾಣುತ್ತದೆ. ಕೊನೆಗೆ ಅದೂ ಕೆರೆಗೇ ಬಂದು ಸೇರುತ್ತದೆ. ಕಾರು ಹತ್ತುವ ಮೊದಲು ಸಾಕ್ಸ್ ಒಳಗೆ, ಮೊಣಕಾಲ ಹಿಂದೆ, ಮಕ್ಕಳ ಕತ್ತಿನ ಹಿಂದೆ ಉಣ್ಣೆ ಇದೆಯಾ ನೋಡಿ.

ಹಿರಿಯರು ಜೊತೆಗಿದ್ದರೆ

ಉತ್ತರಕ್ಕೆ ಲೀಡ್ ಎಂಬ ಊರಿನ ಹತ್ತಿರ ಟೆರ್ರಿ ಪೀಕ್ ಇದೆ. ಚಳಿಗಾಲದಲ್ಲಿ ಸ್ಕೀಯಿಂಗ್ ನಡೆಯುವ ಬೆಟ್ಟ. ಬೇಸಿಗೆಯಲ್ಲಿ ಕಾರು ತುದಿಯ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ನೋಡುಕಟ್ಟೆ. ಗಾಳಿ ಜೋರು, ಅಮ್ಮನಿಗೊಂದು ಸ್ವೆಟರ್, ಶಾಲು ಇರಲಿ.

ಅಲ್ಲಿಗೆ ಹೋದವರು ಲೀಡ್‌ನ ಹೋಮ್‌ಸ್ಟೇಕ್ ಚಿನ್ನದ ಗಣಿಯನ್ನು ನೋಡದೇ ಬರಬೇಡಿ. ಊರ ನಡುವೆ ಬಾಯಿ ತೆರೆದುಕೊಂಡ ದೊಡ್ಡ ಗುಂಡಿ ಮೇಲಿಂದಲೇ ಕಾಣುತ್ತದೆ. ಸುರಂಗಗಳು 8,000 ಅಡಿ ಆಳಕ್ಕೆ ಇಳಿದಿವೆ. ರಾಜ್ಯದ ಅತಿ ಎತ್ತರದ ಬೆಟ್ಟದ ಎತ್ತರಕ್ಕಿಂತ ಈ ಗಣಿಯ ಆಳವೇ ಜಾಸ್ತಿ! ಕೋಲಾರದ ಕಡೆಯವರಿಗೆ ಇಲ್ಲಿ ಎದೆ ಒಂದು ಕ್ಷಣ ನಿಲ್ಲುತ್ತದೆ. ಕೆಜಿಎಫ್ ಮುಚ್ಚಿದ್ದು 2001ರಲ್ಲಿ, ಹೋಮ್‌ಸ್ಟೇಕ್ 2002ರಲ್ಲಿ. 1960ರ ದಶಕದಲ್ಲಿ ಎರಡೂ ಗಣಿಗಳ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳನ್ನು ಹಿಡಿಯಲು ಕೂತಿದ್ದರು. ಕೆಜಿಎಫ್‌ನಲ್ಲಿ ವಾತಾವರಣದ ನ್ಯೂಟ್ರಿನೋ 1965ರಲ್ಲೇ ಸಿಕ್ಕಿತು. ಹೋಮ್‌ಸ್ಟೇಕ್‌ನಲ್ಲಿ ಸೂರ್ಯನಿಂದ ಬಂದ ನ್ಯೂಟ್ರಿನೋಗಳನ್ನು ಹಿಡಿದ ರೇ ಡೇವಿಸ್‌ಗೆ 2002ರಲ್ಲಿ ನೊಬೆಲ್ ಬಂತು. ಹೋಮ್‌ಸ್ಟೇಕ್ ಈಗಲೂ ಭೂಗರ್ಭ ಪ್ರಯೋಗಾಲಯವಾಗಿ ನಡೆಯುತ್ತಿದೆ. ನಮ್ಮ ಗಣಿಯಲ್ಲಿ ನೀರು ತುಂಬಿದೆ.

ಇನ್ನೊಂದು ದಿನ ಉಳಿದರೆ

ಸ್ಟರ್ಜಿಸ್ ಹತ್ತಿರ ಬೇರ್ ಬ್ಯೂಟ್ ಇದೆ. 4,426 ಅಡಿ ಅಷ್ಟೇ. ಆದರೆ ಬಯಲಿನಲ್ಲಿ ಒಂಟಿಯಾಗಿ ನಿಂತಿರುವುದರಿಂದ ಅದರ ಗಾಂಭೀರ್ಯವೇ ಬೇರೆ. ಭೂಮಿಯೊಳಗಿನ ಶಿಲಾರಸ ಮೇಲೆ ಒತ್ತಿ ಬಂದು, ಹೊರಗೆ ಚೆಲ್ಲದೆ ಒಳಗೇ ಗಟ್ಟಿಯಾಗಿ ಆದ ಬೆಟ್ಟ ಇದು. ಲಕೋಟಾ, ಶಯೆನ್ ಜನ ಇಂದಿಗೂ ಇಲ್ಲಿ ಉಪವಾಸ ಕೂತು ಪ್ರಾರ್ಥನೆ ಮಾಡುತ್ತಾರೆ. ನೆತ್ತಿಗೆ ಎರಡು ಮೈಲಿಯೊಳಗಿನ ದಾರಿ, ನೆರಳು ಕಡಿಮೆ, ಹಾವಿನ ಭಯ ಇದೆ. ಬಂಡೆ ಸಂದಿಗೆ ಕೈ ಹಾಕಬೇಡಿ. ಪ್ರಾರ್ಥನೆಯಲ್ಲಿರುವವರ ಫೋಟೋ ತೆಗೆಯಬೇಡಿ, ದಾರಿ ಬಿಟ್ಟು ಇಳಿಯಬೇಡಿ, ಜೋರಾಗಿ ಮಾತಾಡಬೇಡಿ. ಹೊರಡುವ ಮೊದಲು ಪಾರ್ಕ್ ಕಚೇರಿಯಲ್ಲಿ ಆ ದಿನ ದಾರಿ ತೆರೆದಿದೆಯಾ ಅಂತ ಕೇಳಿ. ಯಾವುದಾದರೂ ಆಚರಣೆ ಇದ್ದರೆ ಬೆಟ್ಟವನ್ನು ಅವರಿಗೆ ಬಿಟ್ಟು, ಕೆಳಗಿನ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬನ್ನಿ.